ಟೊಮೆಟೊ ಸೀಮೆಯ ಗೋಬಿಗೆ ಕೆಂಪು ಎಲ್ಲಿಂದ ಬಂತು?

ಮುಳಬಾಗಿಲು ತಾಲ್ಲೂಕಿನ ಬೈರಕೂರು ಹೋಬಳಿಯ ಸುತ್ತಮುತ್ತ ಟೊಮೆಟೊ ಬೆಳೆಯದ ಊರು ಸಿಗುವುದು ಕಷ್ಟ. ಇದೇ ತಾಲ್ಲೂಕಿನ ವಡ್ಡಹಳ್ಳಿಯಲ್ಲಿ ಟೊಮೆಟೊಗೆಂದೇ ಮಾರುಕಟ್ಟೆ ಇದೆ. ಕೋಲಾರದ ಎಪಿಎಂಸಿಯಿಂದ ಹೊರಡುವ ಲಾರಿಗಳು ಹೊರ ರಾಜ್ಯಗಳಿಗೆಲ್ಲ ಹಣ್ಣು ಹೊತ್ತೊಯ್ಯುತ್ತವೆ. ಆದರೆ ಈ ಸೀಮೆಯ ತಳ್ಳುಗಾಡಿಗಳಲ್ಲಿ ಸಂಜೆ ಸಿಗುವ ಗೋಬಿ ಮಂಚೂರಿಯ ಕೆಂಪಿಗೆ ಟೊಮೆಟೊ ಕಾರಣವಲ್ಲ. ಅದು ಬಾಟಲಿ ಸಾಸಿನ ಕೆಂಪು, ಮೊನ್ನೆ ಮೊನ್ನೆಯವರೆಗೂ ಬಣ್ಣದ ಪುಡಿಯ ಕೆಂಪು. ಇದನ್ನು ಗಾಡಿಯವನ ಸೋಮಾರಿತನ ಎಂದುಬಿಡುವುದು ಸುಲಭ. ಹೋಬಳಿ ಊರುಗಳಿಗೆ ‘ಚೈನೀಸ್’ ಬಂದದ್ದು ಹೇಗೆ, ಬಂದು ನಿಂತದ್ದು ಯಾಕೆ ಎಂಬುದಕ್ಕೆ ಉತ್ತರ ಸಿಗುವುದು ಮಾತ್ರ ಈ ಕೆಂಪಿನಲ್ಲೇ.

ಬಂದ ದಾರಿ ಕಲ್ಕತ್ತೆಯದು. 18ನೇ ಶತಮಾನದ ಕೊನೆಯ ಭಾಗದಲ್ಲಿ ಟಾಂಗ್ ಅಚ್ಯೂ ಎಂಬ ಚೀನೀ ವ್ಯಾಪಾರಿಗೆ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಹೂಗ್ಲಿ ದಂಡೆಯಲ್ಲಿ ಕಬ್ಬು ಬೆಳೆಯಲು ಜಮೀನು ಕೊಟ್ಟ. ಆ ಜಾಗಕ್ಕೆ ಇವತ್ತಿಗೂ ಅಚಿಪುರ ಎಂದೇ ಹೆಸರು. ಮುಂದೆ ಬಂದ ಹಕ್ಕಾ ಚೀನೀ ಕುಟುಂಬಗಳು ಕಲ್ಕತ್ತೆಯ ಟ್ಯಾಂಗ್ರಾದಲ್ಲಿ ಚರ್ಮ ಹದ ಮಾಡುತ್ತ, ಜೊತೆಗೆ ಹೋಟೆಲು ನಡೆಸುತ್ತ, ಬಂಗಾಳಿ ಬಾಯಿಗೆ ಹೊಂದುವಂತೆ ತಮ್ಮ ಅಡುಗೆಗೆ ಹಸಿಮೆಣಸಿನಕಾಯಿ ಸೇರಿಸಿದವು. ಆ ಕಲ್ಕತ್ತೆಯಲ್ಲೇ ಹುಟ್ಟಿದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ಬಿನ ಅಡುಗೆಮನೆಯಲ್ಲಿ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಗೆ ಗರಂ ಮಸಾಲೆಯ ಬದಲು ಸೋಯಾ ಸಾಸ್ ಸುರಿದು, ಕಾರ್ನ್ ಫ್ಲೋರಿನಿಂದ ಮಂದ ಮಾಡಿದ. ಅದೇ ಚಿಕನ್ ಮಂಚೂರಿಯನ್ ಆಯಿತು ಎಂಬುದು ಎಲ್ಲರೂ ಒಪ್ಪಿಕೊಂಡು ಬಂದ ಕಥೆ. ಕೋಳಿಯ ಜಾಗಕ್ಕೆ ಹೂಕೋಸು ಬಂದದ್ದು ಸಸ್ಯಾಹಾರಿಗಳ ದೆಸೆಯಿಂದ. ಆ ಹೂಕೋಸೂ ಪರದೇಶಿಯೇ. 1822ರಲ್ಲಿ ಇಂಗ್ಲೆಂಡಿನಿಂದ ಸಹಾರನಪುರದ ತೋಟಕ್ಕೆ ಬೀಜ ಬಂದಿತ್ತು.

ದೊಡ್ಡ ಊರಿನ ಕ್ಲಬ್ಬಿನಲ್ಲಿ ಹುಟ್ಟಿದ ತಿಂಡಿಗಳೆಲ್ಲ ಹೋಬಳಿ ಕೇಂದ್ರದವರೆಗೆ ಬರುವುದಿಲ್ಲ. ಇದು ಬಂದದ್ದಕ್ಕೆ ರುಚಿಗಿಂತ ಲೆಕ್ಕಾಚಾರ ಹೆಚ್ಚು ಕಾರಣ ಎಂಬುದು ನನ್ನ ವಾದ. ಕೋಲಾರ ಜಿಲ್ಲೆಯಲ್ಲಿ ತರಕಾರಿಗೆ ಬರವಿಲ್ಲ, ಬರವಿರುವುದು ತರಕಾರಿಯ ಸ್ಥಿರ ಬೆಲೆಗೆ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆ.ಜಿ.ಯ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಇದೇ ಸೀಮೆಯ ರೈತರು ಬಿಡಿಸಿದ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆ ಬದಿಗೆ ಸುರಿದದ್ದೂ ಉಂಟು. ಗಾಡಿಯವನ ಗಿರಾಕಿಗೆ ಈ ಏರಿಳಿತ ಬೇಕಿಲ್ಲ. ಕಾಲೇಜು ಮುಗಿಸಿ ಬಸ್ಸಿಗೆ ಕಾಯುವ ಹುಡುಗ, ಕೂಲಿ ಮುಗಿಸಿ ಮಕ್ಕಳಿಗೊಂದು ಪಾರ್ಸಲ್ ಕಟ್ಟಿಸಿಕೊಳ್ಳುವ ತಾಯಿ ಹೋದ ವಾರದ ರೇಟಿಗೇ ಈ ವಾರವೂ ಪ್ಲೇಟ್ ಕೇಳುತ್ತಾರೆ. ಹತ್ತು ರೂಪಾಯಿ ಜಾಸ್ತಿ ಎಂದರೆ ಮುಂದಿನ ಗಾಡಿಗೆ ನಡೆಯುತ್ತಾರೆ. ಆದ್ದರಿಂದ ಏರಿಳಿಯುವ ಪದಾರ್ಥ ಎಷ್ಟು ಕಡಿಮೆಯೋ ಅಷ್ಟು ಕ್ಷೇಮ. ಸೋಯಾ ಸಾಸ್, ಚಿಲ್ಲಿ ಸಾಸ್, ಮೈದಾ, ಕಾರ್ನ್ ಫ್ಲೋರ್, ಟೇಸ್ಟಿಂಗ್ ಪೌಡರ್: ಇವುಗಳ ಬೆಲೆ ತಿಂಗಳುಗಟ್ಟಲೆ ಅಲುಗುವುದಿಲ್ಲ. ಹೂಕೋಸು ದುಬಾರಿಯಾದ ದಿನ ತುಂಡು ಚಿಕ್ಕದಾಗುತ್ತದೆ, ಹಿಟ್ಟಿನ ಪದರ ದಪ್ಪವಾಗುತ್ತದೆ. ಈರುಳ್ಳಿ ಏರಿದರೆ ಮೇಲೆ ಉದುರಿಸುವುದು ಎಲೆಕೋಸು. ದಪ್ಪ ಮೆಣಸಿನಕಾಯಿ ನಾಲ್ಕು ಚೂರಿದ್ದರೂ ಸಾಕು, ಇಲ್ಲದಿದ್ದರೂ ನಡೆಯುತ್ತದೆ. ಪ್ಲೇಟಿನ ಬೆಲೆ ಕದಲದಂತೆ ಒಳಗಿನದನ್ನು ಇಷ್ಟು ಸಲೀಸಾಗಿ ಹಿಗ್ಗಿಸಿ ಕುಗ್ಗಿಸಲು ಬರುವ ತಿಂಡಿ ನಮ್ಮ ಬೀದಿಯಲ್ಲಿ ಮತ್ತೊಂದಿಲ್ಲ.

ಮುಳಬಾಗಿಲು ದೋಸೆಯ ಪಕ್ಕದಲ್ಲಿಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟ. ದೋಸೆಗೆ ಹಿಂದಿನ ದಿನವೇ ನೆನೆಹಾಕಿ ರುಬ್ಬಬೇಕು, ಹಿಟ್ಟು ಹುದುಗು ಬರಬೇಕು, ಮಳೆ ಬಂದು ಗಿರಾಕಿ ತಪ್ಪಿದರೆ ಮಿಕ್ಕ ಹಿಟ್ಟು ಮರುದಿನಕ್ಕೆ ಹುಳಿ. ಚೈನೀಸ್ ಗಾಡಿಗೆ ಒಂದು ಸಿಲಿಂಡರ್, ಒಂದು ದೊಡ್ಡ ಬರ್ನರ್, ಒಂದು ಕಬ್ಬಿಣದ ಬಾಣಲೆ. ಮಧ್ಯಾಹ್ನ ಅನ್ನ ಬಸಿದು ಆರಲು ಹರವಿದರೆ ಸಂಜೆಯ ಹೊತ್ತಿಗೆ ಉದುರು ಉದುರಾಗಿ ಎಗ್ ರೈಸಿಗೆ ಸಿದ್ಧ. ಗಿರಾಕಿ ಬಂದ ಮೇಲೆಯೇ ಮೊಟ್ಟೆ ಒಡೆಯುವುದು, ಆದ್ದರಿಂದ ಮೊಟ್ಟೆ ಹಾಳಾಗುವ ಮಾತಿಲ್ಲ. ಬೆಳಗಿನ ಬೀದಿ ದೋಸೆಗೂ ಸಂಜೆಯ ಬೀದಿ ಗೋಬಿಗೂ ಪಾಲಾದದ್ದು ಹೀಗೆ.

ಇದು ನಮ್ಮ ಊಟವಲ್ಲ, ರಾಗಿಮುದ್ದೆಯ ನಾಡಿಗೆ ಮೈದಾದ ಪಿಡುಗು ಎಂಬ ಆಕ್ಷೇಪ ಹಳೆಯದು. ಆದರೆ ಗೋಬಿ ಮುದ್ದೆಯನ್ನು ತಟ್ಟೆಯಿಂದ ಓಡಿಸಿಲ್ಲ. ಮುದ್ದೆ ರಾತ್ರಿಯ ಊಟ, ಗೋಬಿ ಆರು ಗಂಟೆಯ ಹಸಿವು. ಅದು ಕಿತ್ತುಕೊಂಡದ್ದು ಬೋಂಡಾ ಬಜ್ಜಿಯ ಜಾಗವನ್ನು, ಅದನ್ನೂ ಪೂರ್ತಿಯಾಗಿ ಅಲ್ಲ. ಟೇಸ್ಟಿಂಗ್ ಪೌಡರ್ ವಿಷ ಎಂಬ ಮಾತಿಗೂ ಆಧಾರ ಸಾಲದು. 1908ರಲ್ಲಿ ಜಪಾನಿನ ಕಿಕುನೇ ಇಕೆಡಾ ಸಮುದ್ರದ ಪಾಚಿಯಿಂದ ಬೇರ್ಪಡಿಸಿದ ಗ್ಲುಟಮೇಟೇ ಈ ಪುಡಿಯ ಸತ್ವ, ಅದು ಚೆನ್ನಾಗಿ ಹಣ್ಣಾದ ಟೊಮೆಟೊದಲ್ಲಿ ತಾನಾಗಿಯೇ ಇರುತ್ತದೆ. ವಡ್ಡಹಳ್ಳಿಯ ಹಣ್ಣು ಕೊಡಬಹುದಾಗಿದ್ದ ರುಚಿಯನ್ನೇ ಗಾಡಿಯವನು ಪುಡಿಯ ರೂಪದಲ್ಲಿ, ನಿಗದಿ ಬೆಲೆಗೆ ಕೊಂಡು ತರುತ್ತಾನೆ.

ಬಣ್ಣದ ವಿಷಯಕ್ಕೆ ಬಂದರೆ ಗಾಡಿಯ ಪರ ವಾದಿಸಲಾಗದು. 2024ರ ಮಾರ್ಚ್ 11ರಂದು ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಪರೀಕ್ಷೆಗೆ ಒಳಪಡಿಸಿದ್ದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತ. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಸಿನ್ ಸಿಕ್ಕಿದ್ದವು. ಮಿತಿಯೊಳಗಿದ್ದರೆ ಕೆಲವು ಮಿಠಾಯಿಗಳಿಗೆ ಒಪ್ಪಿಗೆ ಇರುವ ಬಣ್ಣಗಳಿವು, ಗೋಬಿಗೆ ಇಲ್ಲ. ಒಂದು ಚಿಟಿಕೆ ಪುಡಿ ಒಂದು ಪಾತ್ರೆ ಹಿಟ್ಟನ್ನೇ ಕೆಂಪಾಗಿಸುತ್ತದೆ, ಖರ್ಚು ಪೈಸೆಗಳಲ್ಲಿ. ಖಾರ ಹೆಚ್ಚಿಸದೆ ಅದೇ ಕೆಂಪನ್ನು ಬ್ಯಾಡಗಿ ಮೆಣಸಿನಕಾಯಿಯೂ ಕೊಡಬಲ್ಲದು, ಆದರೆ ಅದರ ಬೆಲೆಯೂ ಟೊಮೆಟೊದಂತೆಯೇ ಏರುತ್ತ ಇಳಿಯುತ್ತ ಇರುತ್ತದೆ. ಗಾಡಿಗೆ ಬಣ್ಣ ಬಂದದ್ದೂ ಬಾಟಲಿ ಸಾಸ್ ಬಂದ ದಾರಿಯಲ್ಲೇ. ನಿಷೇಧದ ನಂತರ ಬಣ್ಣ ಬಿಟ್ಟ ಗಾಡಿಯ ಗೋಬಿ ಕಂದು ಬಣ್ಣಕ್ಕೆ ತಿರುಗಿತೇ ಹೊರತು ರುಚಿ ಕೆಡಲಿಲ್ಲ. ಪುಡಿ ಇದ್ದದ್ದು ಕಣ್ಣಿಗಾಗಿ, ನಾಲಿಗೆಗೆ ಅದರಿಂದ ಏನೂ ಸಿಗುತ್ತಿರಲಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಎಣ್ಣೆಯದು, ಅದರ ಬಗ್ಗೆ ಗದ್ದಲ ಕಡಿಮೆ. ಎಣ್ಣೆ ಮತ್ತೆ ಮತ್ತೆ ಕಾಯ್ದಂತೆ ಅದರಲ್ಲಿ ಹೆಚ್ಚುವ ಪೋಲಾರ್ ಸಂಯುಕ್ತಗಳು ಶೇ 25 ಮೀರಿದರೆ ಅದನ್ನು ಮತ್ತೆ ಬಳಸಬಾರದು ಎಂದು 2018ರ ಜುಲೈ 1ರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ತಳ್ಳುಗಾಡಿಯಲ್ಲಿ ಅದನ್ನು ಅಳೆಯುವವರು ಯಾರು? ಎಣ್ಣೆಯ ಬೆಲೆಯನ್ನು ಹಿಟ್ಟಿನ ಪದರದಲ್ಲಿ ಮುಚ್ಚಿಡಲು ಬರುವುದಿಲ್ಲ, ಅದಕ್ಕೇ ಹಳೆಯ ಎಣ್ಣೆಗೆ ಹೊಸದನ್ನು ಬೆರೆಸುತ್ತ ಹೋಗುವ ಚಾಳಿ. ಬೆಲೆ ಕಾಯುವ ಜಾಣತನ ಮೋಸವಾಗುವುದು ಇಲ್ಲೇ. ಕಡಿಮೆ ಕಾಸಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳಬೇಕಾದವರಿಗೆ ಗೋಬಿಗಿಂತ ಎಗ್ ರೈಸೇ ವಾಸಿ: ಕರಿಯುವ ಕೆಲಸವಿಲ್ಲ, ಒಂದೆರಡು ಚಮಚ ಎಣ್ಣೆ, ಮೊಟ್ಟೆ ಕಣ್ಣೆದುರೇ ಒಡೆಯುತ್ತದೆ. ಗೋಬಿಯೇ ಬೇಕೆಂದರೆ ಮೊದಲ ಬಾಣಲೆಯ ಹೊತ್ತಿಗೇ ಹೋಗಬೇಕು, ಎಣ್ಣೆ ಕಪ್ಪಾಗಿ ನೊರೆ ಏಳುತ್ತಿದ್ದರೆ ಮುಂದಿನ ಗಾಡಿ ನೋಡಬೇಕು.

ಹಾಗಾದರೆ ಗಾಡಿಗಳನ್ನು ಎತ್ತಿಸಿಬಿಡಿ ಎನ್ನುವವರೂ ಇದ್ದಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಗುರುತಿನ ಚೀಟಿ, ವ್ಯಾಪಾರ ಸಮಿತಿ, ಎಬ್ಬಿಸುವ ಮುನ್ನ ನೋಟಿಸು ಎಲ್ಲವನ್ನೂ ಕೊಡುತ್ತದೆ, ಆದರೆ ಕೊಡುವುದು ಪಟ್ಟಣಗಳಿಗೆ. ಮುಳಬಾಗಿಲು ನಗರದ ಗಾಡಿಯವನು ಅದರೊಳಗೆ ಬರುತ್ತಾನೆ, ಗ್ರಾಮ ಪಂಚಾಯಿತಿಯ ಬೈರಕೂರಿನಲ್ಲಿ ಅದೇ ಬಾಣಲೆ ಹಿಡಿದವನು ಬರುವುದಿಲ್ಲ. ಗಾಡಿ ತಪಾಸಣೆಗೆ ಬರುವ ಅಧಿಕಾರಿಯ ಕೈಗೆ ದಂಡ ಹಾಕುವ ನಿಯಮ ಹಳ್ಳಿಯಲ್ಲೂ ಸಿಗುತ್ತದೆ. ಗಾಡಿಯವನಿಗೆ ನಲ್ಲಿ ನೀರು, ದೀಪ, ಕರಿದ ಎಣ್ಣೆ ಒಪ್ಪಿಸಲು ಒಂದು ಡಬ್ಬ ಕೊಡಿಸುವ ನಿಯಮ ಸಿಗುವುದಿಲ್ಲ. ಸಂತೆಯ ಜಾಗದಿಂದ ಸುಂಕ ಎತ್ತುವ ಪಂಚಾಯಿತಿಗೆ ಈ ಮೂರನ್ನು ಒದಗಿಸುವುದು ಆಗದ ಕೆಲಸವೇನಲ್ಲ.