ಊರ ಕಲ್ಲು ಊರ ಚರಿತ್ರೆ

ಊರ ಮುಂದೆ ನಿಂತಿರುವ ಶಾಸನವು ಬರಿಯ ಕಲ್ಲಲ್ಲ, ಅದು ಆ ಊರಿನ ದಾಖಲೆ. ಕೆರೆ ಕಟ್ಟಿಸಿದವರು, ದೇಗುಲಕ್ಕೆ ದತ್ತಿಯಿತ್ತವರು, ತುರುಗಳನ್ನು ಬಿಡಿಸಲು ಹೋರಾಡಿ ಮಡಿದವರು ಇವರೆಲ್ಲರ ಹೆಸರುಗಳು ಬಹುಮಟ್ಟಿಗೆ ಶಿಲೆಯ ಮೇಲೆಯೇ ಉಳಿದಿವೆ. ಅವುಗಳನ್ನು ಓದಿಕೊಟ್ಟ ಸಂಸ್ಥೆಗಳ ಉಪಕಾರವನ್ನು ನಾವು ಸ್ಮರಿಸುವುದು ಉಚಿತವಾಗಿದೆ.

ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು 1861ರಲ್ಲಿ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮರ ನೇತೃತ್ವದಲ್ಲಿ ಆರಂಭವಾಯಿತು. ಮೈಸೂರು ಸಂಸ್ಥಾನವು 1885ರಲ್ಲಿ ತನ್ನದೇ ಪುರಾತತ್ತ್ವ ಇಲಾಖೆಯನ್ನು ಸ್ಥಾಪಿಸಿತು. ಬೆಂಗಳೂರಿನಲ್ಲಿಯೇ ಜನಿಸಿದ ಬಿ.ಎಲ್. ರೈಸರು ಅದರ ಹೊಣೆ ಹೊತ್ತು, ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ಪ್ರಕಟಿಸಿದರು. ಚನ್ನಗಿರಿ, ಹೊನ್ನಾಳಿಗಳ ಶಾಸನಗಳು 1902ರ 7ನೆಯ ಸಂಪುಟದಲ್ಲಿಯೂ, ಜಗಳೂರಿನವು 1903ರ 11ನೆಯ ಸಂಪುಟದಲ್ಲಿಯೂ ಇವೆ. ದಾವಣಗೆರೆ ಜಿಲ್ಲೆ 1997ರಲ್ಲಿ ರಚನೆಯಾದುದರಿಂದ, ಮೊದಲಿನವನ್ನು ಶಿವಮೊಗ್ಗದ ಹೆಸರಿನಲ್ಲಿ, ಜಗಳೂರಿನವನ್ನು ಚಿತ್ರದುರ್ಗದ ಹೆಸರಿನಲ್ಲಿ ಹುಡುಕಬೇಕು. ನ್ಯಾಮತಿ ಅಂದು ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. ಅಲ್ಲಿನ ಬೆಳಗುತ್ತಿಯಿಂದ ಆಳಿದ ಸಿಂದ ಅರಸರ ಚರಿತ್ರೆ ನಮಗೆ ದೊರೆತದ್ದೂ ಶಾಸನಗಳಿಂದಲೇ.

ಶಾಸನದ ಪಡಿಯಚ್ಚನ್ನು ತೆಗೆಯುವ ಕ್ರಮವು ಸರಳವಾದರೂ ತಾಳ್ಮೆಯನ್ನು ಬೇಡುತ್ತದೆ. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹೊದಿಸಿ, ಅದು ಅಕ್ಷರಗಳ ಗುಳಿಗೆ ಇಳಿಯುವಂತೆ ಕುಂಚದಿಂದ ಬಡಿಯುತ್ತಾರೆ. ಬಳಿಕ ಮಸಿಯ ಗಂಟನ್ನು ಒತ್ತಿದರೆ, ಕಪ್ಪಿನ ನಡುವೆ ಅಕ್ಷರಗಳು ಬಿಳಿಯಾಗಿ ಮೂಡುತ್ತವೆ. ಕೇಂದ್ರ ಇಲಾಖೆಯ ಶಾಸನ ಶಾಖೆಯು 1966ರಲ್ಲಿ ಉದಕಮಂಡಲದಿಂದ ಮೈಸೂರಿಗೆ ಬಂದಿತು.

ಉತ್ಖನನವೂ ಈ ಇಲಾಖೆಗಳ ಕಾರ್ಯವೇ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ರೈಸರು 1892ರಲ್ಲಿ ಅಶೋಕನ ಶಾಸನವನ್ನು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರರು ಅಲ್ಲಿಯೇ ಭೂಮಿಯನ್ನು ಪದರಪದರವಾಗಿ ಅಗೆಸಿ, ಜನವಸತಿಗಳ ಕಾಲಕ್ರಮವನ್ನು ನಿರ್ಣಯಿಸಿದರು.

ಚನ್ನಗಿರಿ ತಾಲ್ಲೂಕಿನ ಸಂತೆಬೆನ್ನೂರಿನ ಪುಷ್ಕರಿಣಿಗೆ ಕೇಂದ್ರ ಇಲಾಖೆಯ ರಕ್ಷಣೆಯಿದೆ. ಹೊಲದ ಬದುವಿನ ವೀರಗಲ್ಲಿಗೆ ಕಾವಲುಗಾರನಿಲ್ಲ. ಈ ಭಾಗದಲ್ಲಿ ಸಂಚರಿಸುವಾಗ, ಸುಣ್ಣ ಬಳಿದು ಅಕ್ಷರ ಮುಚ್ಚಿದ ಶಾಸನಗಳನ್ನೂ, ಬಟ್ಟೆ ಒಗೆಯುವ ಬಂಡೆಯಾದ ವೀರಗಲ್ಲುಗಳನ್ನೂ ನಾವು ಕಂಡು ಮರುಗಿದ್ದೇವೆ. ಅಚ್ಚಾದ ಪಾಠವಿದೆಯಲ್ಲ, ಕಲ್ಲು ಹೋದರೇನು ಎನ್ನುವವರುಂಟು. ಆದರೆ ಓದಿನಲ್ಲಿ ಸಂದೇಹ ಬಂದಾಗ ಮೂಲಶಿಲೆಯೇ ಪ್ರಮಾಣ. ದತ್ತಿಭೂಮಿಯ ಎಲ್ಲೆಯನ್ನು ಹೇಳುವ ಕಲ್ಲು ತನ್ನ ನೆಲೆಯಿಂದ ಕದಲಿದರೆ ಅದರ ಅರ್ಧ ಸಾಕ್ಷ್ಯವೇ ಅಳಿಯುತ್ತದೆ.

ಆದುದರಿಂದ ಜೀರ್ಣೋದ್ಧಾರಕ್ಕೆ ಕೈಹಾಕುವ ಹಿರಿಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಹಳೆಯ ಕಲ್ಲನ್ನು ಕೀಳುವ ಮುನ್ನ ಪುರಾತತ್ತ್ವ ಇಲಾಖೆಗೆ ತಿಳಿಸಿರಿ, ಅದಕ್ಕೆ ಸುಣ್ಣ, ಬಣ್ಣ ಬಳಿಯದಿರಿ, ಮಕ್ಕಳನ್ನು ಕರೆದೊಯ್ದು ತೋರಿಸಿರಿ. ಪೂರ್ವಿಕರು ನಮ್ಮನ್ನು ನಂಬಿ ಬರೆಯಿಸಿಟ್ಟ ಈ ಅಕ್ಷರಗಳನ್ನು ಮುಂದಿನವರಿಗೆ ಒಪ್ಪಿಸುವುದು ನಮ್ಮ ಕರ್ತವ್ಯ.