ಮೊಣಕಾಲಿನ ಶಸ್ತ್ರಚಿಕಿತ್ಸೆಯೂ ಅದರ ಪರೀಕ್ಷೆಯೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಮೊಣಕಾಲಿಗೆ ಇರುವಷ್ಟು ದುಡಿಮೆ ದೇಹದ ಮತ್ತಾವ ಕೀಲಿಗೂ ಇರಲಾರದು. ಮರವನ್ನೇರುವವನು ಮಂಡಿಗಳ ಬಲದಿಂದಲೇ ಮೇಲಕ್ಕೆ ಹೋಗುವನು. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯಿಯ ಚಿಪ್ಪನ್ನೊಡೆದು ಉಂಡೆ ಕೊಬ್ಬರಿಯನ್ನು ಬಿಡಿಸುವ ಹೆಂಗಸರು ಹಗಲೆಲ್ಲಾ ನೆಲದ ಮೇಲೆಯೇ ಕುಳಿತಿರುವರು. ಪ್ರಾಯ ಸಂದ ತಾಯಂದಿರು ಗೋಡೆಯನ್ನು ಹಿಡಿದು ಏಳುವುದನ್ನು ನಾವೆಲ್ಲರೂ ನೋಡಿರುವೆವಷ್ಟೆ. ಕೀಲನ್ನು ಬದಲಾಯಿಸಬೇಕೆಂದು ವೈದ್ಯರು ಹೇಳಿದೊಡನೆ ಮನೆಯವರು ಆ ವರ್ಷದ ಕೊಬ್ಬರಿಯ ಹಣವನ್ನು ಲೆಕ್ಕಹಾಕತೊಡಗುವರು. ಆ ಚಿಕಿತ್ಸೆಯಿಂದ ಗುಣವುಂಟೆಂಬುದು ಹೇಗೆ ತಿಳಿದುಬಂದಿತೆಂಬುದನ್ನು ಅದಕ್ಕೆ ಮೊದಲೇ ಅರಿತಿರುವುದು ಯುಕ್ತವಾಗಿದೆ.

ತೊಡೆಯ ಎಲುಬೂ ಕಣಕಾಲಿನ ಎಲುಬೂ ಕೂಡುವೆಡೆಯಲ್ಲಿ ನುಣುಪಾದ ಮೃದ್ವಸ್ಥಿಯ ಹೊದಿಕೆಯಿರುವುದು. ಅದು ಸವೆದರೆ ಎಲುಬು ಎಲುಬನ್ನು ಉಜ್ಜಿ ನೋವುಂಟಾಗುತ್ತದೆ. ೧೮೯೦ರಲ್ಲಿ ಬರ್ಲಿನ್ ನಗರದ ಗ್ಲುಕ್ ಎಂಬ ವೈದ್ಯನು ದಂತದ ಕೀಲನ್ನು ಅಳವಡಿಸಿದನು. ಕೀವು ತುಂಬಿದ್ದರಿಂದ ಅದು ನಿಲ್ಲಲಿಲ್ಲ. ೧೯೭೪ರಲ್ಲಿ ನ್ಯೂಯಾರ್ಕಿನಲ್ಲಿ ಇನ್ಸಾಲ್ ಮತ್ತು ಅವರ ಸಂಗಡಿಗರು ಲೋಹ ಮತ್ತು ಪಾಲಿಎಥಿಲೀನುಗಳಿಂದಾದ ಕೀಲನ್ನು ಬಳಕೆಗೆ ತಂದ ಮೇಲೆ ಈ ವಿದ್ಯೆಯು ನೆಲೆಗೊಂಡಿತು. ಮರುವರ್ಷವೇ ಸ್ವೀಡನ್ ದೇಶದವರು ಹೀಗೆ ಹಾಕಿದ ಕೀಲುಗಳನ್ನೆಲ್ಲಾ ದಾಖಲೆಯಲ್ಲಿ ಬರೆದಿಡಲು ತೊಡಗಿದರು. ಯಾವ ಕೀಲು ಎಷ್ಟು ವರ್ಷ ಬಾಳಿತೆಂಬುದನ್ನು ಹೇಳಲು ಇಂತಹ ದಾಖಲೆಗಿಂತ ಒಳ್ಳೆಯ ಸಾಕ್ಷಿಯಿಲ್ಲ.

ಆದರೆ ರೋಗಿಯು ಸುಖಪಟ್ಟನೆಂದ ಮಾತ್ರಕ್ಕೆ ಶಸ್ತ್ರದಿಂದಲೇ ಗುಣವಾಯಿತೆನ್ನಲಾಗದು. ೨೦೦೨ರಲ್ಲಿ ಅಮೆರಿಕಾದ ಹ್ಯೂಸ್ಟನ್ನಿನ ವೈದ್ಯರು ಸವೆದ ಮೊಣಕಾಲಿನ ೧೮೦ ರೋಗಿಗಳನ್ನು ಚೀಟಿಯೆತ್ತಿದಂತೆ ಮೂರು ಗುಂಪು ಮಾಡಿ, ಒಂದು ಗುಂಪಿನವರ ಕೀಲನ್ನು ಕೊಳವೆಯ ಮೂಲಕ ತೊಳೆದು, ಇನ್ನೊಂದು ಗುಂಪಿನವರದನ್ನು ತೊಳೆದು ಹೆರೆದು, ಮೂರನೆಯವರಿಗೆ ಚರ್ಮವನ್ನು ಕೊಯ್ದು ಹೊಲಿದುಬಿಟ್ಟ ವರದಿಯನ್ನು ಪ್ರಕಟಿಸಿದರು. ರೋಗಿಗಳು ಮೊದಲೇ ಇದಕ್ಕೊಪ್ಪಿದ್ದರು. ತಮಗಾದುದೇನೆಂಬುದು ಮಾತ್ರ ಅವರಿಗೆ ತಿಳಿದಿರಲಿಲ್ಲ. ಎರಡು ವರ್ಷಗಳ ತರುವಾಯವೂ ಮೂರು ಗುಂಪಿನವರ ನೋವಿನಲ್ಲಿ ಭೇದ ಕಾಣಲಿಲ್ಲ! ಕೀಲನ್ನೇ ಬದಲಾಯಿಸುವುದರ ಮಾತು ಬೇರೆ. ೨೦೧೫ರಲ್ಲಿ ಡೆನ್ಮಾರ್ಕಿನಿಂದ ಬಂದ ವರದಿಯಲ್ಲಿ ನೂರು ಮಂದಿಯ ಪೈಕಿ ಕೀಲು ಹಾಕಿಸಿಕೊಂಡವರು ವ್ಯಾಯಾಮ ಮತ್ತು ಔಷಧಗಳ ಗುಂಪಿನವರಿಗಿಂತ ಬಹಳ ಹೆಚ್ಚು ಗುಣ ಹೊಂದಿದರು. ಗಂಭೀರ ತೊಂದರೆಗಳೂ ಅವರಲ್ಲಿಯೇ ಹೆಚ್ಚು. ವ್ಯಾಯಾಮದ ಗುಂಪಿನ ಐವತ್ತು ಮಂದಿಯಲ್ಲಿ ವರ್ಷದೊಳಗೆ ಶಸ್ತ್ರಕ್ಕೆ ಹೋದವರು ೧೩ ಮಂದಿ ಮಾತ್ರ.

ಈ ಪರೀಕ್ಷೆಗಳು ನಡೆದದ್ದು ಕುರ್ಚಿಯ ಮೇಲೆ ಕುಳಿತು ಉಣ್ಣುವ ನಾಡುಗಳಲ್ಲಿ. ಚಕ್ಕಳಮಕ್ಕಳ ಹಾಕುವ, ಕುಕ್ಕರುಗಾಲಿನಲ್ಲಿ ಕೂರುವ ನಮ್ಮ ಹೆಂಗಸರಿಗೆ ಹೊಸ ಕೀಲು ಎಷ್ಟು ಬಗ್ಗೀತೆಂಬುದನ್ನು ವೈದ್ಯರನ್ನು ಮೊದಲೇ ಕೇಳಿಕೊಳ್ಳಬೇಕು. ಬೆಲೆಯ ವಿಚಾರದಲ್ಲಿ, ೨೦೧೭ರ ಆಗಸ್ಟಿನಲ್ಲಿ ಭಾರತ ಸರ್ಕಾರವು ಈ ಕೀಲುಗಳಿಗೆ ಗರಿಷ್ಠ ದರವನ್ನು ಗೊತ್ತುಮಾಡಿತು.

ಇನ್ನು ಅಸ್ಥಿರಜ್ಜುವಿನ ವಿಷಯ. ಇದು ಎಲುಬುಗಳನ್ನು ಬಿಗಿದಿಡುವ ಹಗ್ಗವೆನ್ನಬಹುದು, ತೆಂಗಿನ ನಾರನ್ನು ಹೊಸೆದಂತೆ. ಓಡುತ್ತಾ ಥಟ್ಟನೆ ತಿರುಗಿದಾಗ ಮಂಡಿಯೊಳಗಿನ ಮುಂದಣ ರಜ್ಜು ಹರಿಯುವುದುಂಟು. ೧೯೧೭ರಲ್ಲಿ ಬ್ರಿಸ್ಟಲ್ಲಿನ ಹೇ ಗ್ರೋವ್ಸ್ ಎಂಬವರು ತೊಡೆಯ ಪಕ್ಕದ ಪಟ್ಟಿಯನ್ನೇ ಎಳೆದುಕೊಂಡು ಅದನ್ನು ಹೊಸದಾಗಿ ಕಟ್ಟಿದರು. ಎಲ್ಲರಿಗೂ ಕೂಡಲೇ ಶಸ್ತ್ರ ಬೇಕೆ? ೨೦೧೦ರ ಸ್ವೀಡನ್ನಿನ ವರದಿಯಂತೆ, ೧೨೧ ಮಂದಿ ತರುಣ ತರುಣಿಯರಲ್ಲಿ ಮೊದಲು ವ್ಯಾಯಾಮ ಮಾಡಿ, ಅಗತ್ಯವಾದರೆ ಮಾತ್ರ ಶಸ್ತ್ರಕ್ಕೆ ಹೋದವರು ಎರಡು ವರ್ಷಗಳಲ್ಲಿ ಉಳಿದವರಿಗಿಂತ ಹಿಂದೆ ಬೀಳಲಿಲ್ಲ. ಪೆಟ್ಟು ಬಿದ್ದು ಬಹುಕಾಲವಾದರೂ ಮಂಡಿ ತೂಗಾಡುತ್ತಿರುವವರಿಗೆ ಶಸ್ತ್ರವೇ ಮೇಲೆಂದು ೨೦೨೨ರಲ್ಲಿ ಬ್ರಿಟನ್ನಿನ ವರದಿಯು ತೋರಿಸಿತು. ಇವೆರಡಕ್ಕೂ ವಿರೋಧವಿಲ್ಲ, ರೋಗಿಗಳ ಸ್ಥಿತಿಯೇ ಬೇರೆ.

ಒಂದೇ ಆಟದಲ್ಲಿ ಈ ರಜ್ಜು ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಖೋ ಖೋ, ಕಬಡ್ಡಿ ಆಡುವ ವಿದ್ಯಾರ್ಥಿನಿಯರು ಆಟಕ್ಕೆ ಮುನ್ನ ಕಾಲು ಗಂಟೆಯ ಹೊತ್ತು ಹಾರಿ ಇಳಿಯುವುದನ್ನು ಅಭ್ಯಾಸಮಾಡಬೇಕು: ಇಳಿಯುವಾಗ ಮಂಡಿ ಬಗ್ಗಿರಲಿ, ಪಾದದ ನೇರಕ್ಕಿರಲಿ, ಒಳಕ್ಕೆ ವಾಲದಿರಲಿ.