ಕಾವಲು ಅಂದ್ರೆ ಖಾಲಿ ಜಾಗ ಅಲ್ಲ

2024ರ ಮಾರ್ಚ್ 22ರಂದು ಇಸ್ರೋದ 'ಪುಷ್ಪಕ್' ಹೆಲಿಕಾಪ್ಟರ್‌ನಿಂದ ಬೇರ್ಪಟ್ಟು, ತನ್ನ ದಾರಿಯನ್ನು ತಾನೇ ಸರಿಪಡಿಸಿಕೊಂಡು ಚಳ್ಳಕೆರೆ ಬಳಿಯ ರನ್‌ವೇ ಮೇಲೆ ಇಳಿಯಿತು. ಇಂಜಿನಿಯರಿಂಗ್ ಓದಿದವನಾಗಿ ನಾನೂ ಆ ವಿಡಿಯೊವನ್ನು ಖುಷಿಯಿಂದಲೇ ಹಂಚಿಕೊಂಡೆ. ಆದರೆ ಆ ರನ್‌ವೇ ಇರುವ ನೆಲದ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಅದು ವರವು ಕಾವಲು. ದನ-ಕುರಿ ಮೇಯುತ್ತಿದ್ದ ಹುಲ್ಲುಗಾವಲು.

ಮಳೆ ಕಡಿಮೆ, ಬದುಕು ಕಡಿಮೆ ಅಲ್ಲ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿವೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಾಗಗಳಲ್ಲಿ ಇವೂ ಸೇರಿವೆ. ಬೆಳೆ ಕೈಕೊಟ್ಟ ವರ್ಷ ಮನೆ ನಡೆಸೋದು ಕುರಿ, ದನ. ಹಾಗಾಗಿ ಇಲ್ಲಿ ಶೇಂಗಾ ಮತ್ತು ಎಣ್ಣೆ ಮಿಲ್ಲುಗಳ ಜೊತೆಗೇ ಕುರಿ ಉಣ್ಣೆಯ ಕಂಬಳಿಯೂ ಬೆಳೆಯಿತು. ಮೊಳಕಾಲ್ಮೂರಿನ ಮಗ್ಗದ ರೇಷ್ಮೆ ಸೀರೆಗೆ ಜಿಐ ಟ್ಯಾಗ್ ಇದೆ.

'ಹಿಂದುಳಿದ ಗಡಿನಾಡು' ಅನ್ನೋ ಹಣೆಪಟ್ಟಿಯೂ ಇತ್ತೀಚಿನದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಗುರುತಿಸಿದರು. ಸುವರ್ಣಗಿರಿಯಿಂದ 'ಇಸಿಲ' ಪಟ್ಟಣದ ಅಧಿಕಾರಿಗಳಿಗೆ ಬಂದ ಆಜ್ಞೆ ಅವು. ಅಂದರೆ 2,200 ವರ್ಷಗಳ ಹಿಂದೆಯೇ ಇಲ್ಲೊಂದು ಆಡಳಿತ ಕೇಂದ್ರವಿತ್ತು.

ಕಾವಲು ಯಾರದ್ದು?

ಮೈಸೂರು ಅರಸ ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಗೆ ಟಿಪ್ಪು ಸುಲ್ತಾನ್ 'ಅಮೃತ ಮಹಲ್' ಎಂದು ಹೆಸರಿಟ್ಟ. ಈ ತಳಿಯ ಎತ್ತುಗಳು ಫಿರಂಗಿ, ಸೈನ್ಯದ ಸಾಮಾನು ಎಳೆಯುತ್ತಿದ್ದವು. 1799ರ ನಂತರ ಬ್ರಿಟಿಷರೂ ಇವನ್ನೇ ನೆಚ್ಚಿಕೊಂಡರು. ಈ ದನಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳೇ ಅಮೃತ ಮಹಲ್ ಕಾವಲುಗಳು.

ಸುತ್ತಲಿನ ಊರುಗಳಿಗೂ ದನವೇ ಸಂಸ್ಕೃತಿಯ ನಡುಗಂಬ. ಮ್ಯಾಸಬೇಡರ ದೇವರ ಎತ್ತುಗಳನ್ನು ಯಾರೂ ಉಳುಮೆಗೆ ಕಟ್ಟುವುದಿಲ್ಲ, ಕಿಲಾರಿಗಳು ಕಾಯುತ್ತಾರೆ. ಕಾಡುಗೊಲ್ಲರು ತಮ್ಮ ಹಟ್ಟಿಗಳಲ್ಲಿ ಎತ್ತಪ್ಪ, ಜುಂಜಪ್ಪರನ್ನು ನೆನೆಯುತ್ತಾರೆ. ಹುಲ್ಲು ಹೋದರೆ ಮೇವಿನ ಜೊತೆ ಈ ಆಚರಣೆಗಳ ಬುಡವೂ ಅಲುಗಾಡುತ್ತದೆ.

ಈಗ ಲೆಕ್ಕ ನೋಡಿ. ಡಿಆರ್‌ಡಿಓಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573. ಒಂದು ಖಾಸಗಿ ಸೋಲಾರ್ ಕಂಪನಿಗೂ ಪಾಲು ಸಿಕ್ಕಿತು. ಗೋಡೆ ಏಳಲು ಶುರುವಾದ ಮೇಲೆ ಗ್ರಾಮಸ್ಥರು ಬೀದಿಗಿಳಿದರು, ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಲುಪಿತು. 2017ರಲ್ಲಿ ಡಿಆರ್‌ಡಿಓದ ಪರೀಕ್ಷಾ ವಲಯ ಉದ್ಘಾಟನೆಯೂ ಆಯಿತು.

'ಇದು ಮೊದಲಿನಿಂದಲೂ ಸೈನ್ಯದ್ದೇ ನೆಲ ಅಲ್ವಾ?' ಅಂತ ಕೇಳಬಹುದು. ಹೌದು. ಆದರೆ ಅಂದಿನ ಸೈನ್ಯಕ್ಕೆ ಎತ್ತು ಬೇಕಿತ್ತು, ಹಾಗಾಗಿ ಹುಲ್ಲು ಉಳಿಯಲೇಬೇಕಿತ್ತು. ಇಂದಿನ ಯೋಜನೆಗೆ ಬೇಕಿರೋದು ಜನ-ಜಾನುವಾರು ಇಲ್ಲದ ನೆಲ.

ವಿಜ್ಞಾನ ಬೇಡ ಅಂತ ಯಾರೂ ಹೇಳ್ತಿಲ್ಲ. ಕಡತದಲ್ಲಿ 'ಪಾಳು ಭೂಮಿ' ಅಂತ ಬರೆಯೋ ಮೊದಲು ಅಲ್ಲಿ ಯಾರ ಕುರಿ ಮೇಯುತ್ತೆ ಅಂತ ವಿಚಾರಿಸಿ, ಗ್ರಾಮಸಭೆಯಲ್ಲಿ ಕೇಳಿ ಅನ್ನೋದಷ್ಟೇ ಬೇಡಿಕೆ. ಉಳಿದ ಕಾವಲುಗಳ ವಿಷಯದಲ್ಲಾದರೂ ಇಷ್ಟು ಮಾಡೋಕೆ ಸರ್ಕಾರಕ್ಕೆ ಏನು ಕಷ್ಟ?